ಉಕ್ಕು ಕಡಿಯದೆ ಕೂರಿಸಿದ ಕೆಂಪು ಚುಕ್ಕೆ

ಅಂಗಡಿಯವನು ಪಿಸ್ತೂಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಉತ್ತರವನ್ನು ನನ್ನ ಗಂಡನಿಗೆ ಹೇಳಿದ. ಪ್ರಶ್ನೆ ಕೇಳಿದವಳು ನಾನು. ಪಿಸ್ತೂಲು ನನ್ನದು, ಕಾಗದಪತ್ರ ನನ್ನ ಹೆಸರಿನಲ್ಲಿದೆ, ಬಿಚ್ಚಿ ಒರೆಸಿ ಎಣ್ಣೆ ಹಾಕಿ ಜೋಡಿಸುವವಳೂ ನಾನೇ. ನನ್ನ ಗಂಡ ಪಕ್ಕದ ಇಂಡಿಯನ್ ಅಂಗಡಿಯಲ್ಲಿ ಕೊಂಡ ಮೆಂತ್ಯೆ ಸೊಪ್ಪಿನ ಚೀಲ ಹಿಡಿದುಕೊಂಡು ಎಸಿ ತಂಪಿಗೆ ಒಳಗೆ ಬಂದು ನಿಂತಿದ್ದರು, ಅಷ್ಟೇ.

"ಇದರ ಮೇಲೆ ರೆಡ್ ಡಾಟ್ ಕೂರಬೇಕೆಂದರೆ ಸ್ಲೈಡನ್ನು ಕಡಿಸಬೇಕು ಸರ್," ಅಂದ ಅವನು ಇಂಗ್ಲಿಷಿನಲ್ಲಿ. "ಮಷಿನ್ ಶಾಪಿಗೆ ಕಳಿಸಬೇಕು. ವಾಪಸ್ ಬರಲು ಹನ್ನೆರಡು ವಾರ."

ಸ್ಲೈಡ್ ಅಂದರೆ ಪಿಸ್ತೂಲಿನ ಮೇಲ್ಭಾಗದ ಉಕ್ಕು. ಪ್ರತಿ ಗುಂಡಿಗೂ ಹಿಂದೆ ಸರಿದು ಮತ್ತೆ ಮುಂದೆ ಬರುವುದು ಅದೇ. ರೆಡ್ ಡಾಟ್ ಅಂದರೆ ಅದರ ಮೇಲೆ ಕೂರುವ, ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಕಿಟಕಿ. ಅದರ ಬುಡದ ಪುಟ್ಟ ದೀಪ ಗಾಜಿನಲ್ಲಿ ಒಂದು ಕೆಂಪು ಚುಕ್ಕೆ ಮೂಡಿಸುತ್ತದೆ. ಚುಕ್ಕೆ ಎಲ್ಲಿ ಕೂತಿತೋ ಗುಂಡು ಅಲ್ಲಿಗೆ. ಹೊಸ ಪಿಸ್ತೂಲುಗಳಲ್ಲಿ ಇದು ಕೂರಲು ಕಾರ್ಖಾನೆಯಲ್ಲೇ ಜಾಗ ಮಾಡಿರುತ್ತಾರೆ. ನನ್ನದರಲ್ಲಿ ಇರಲಿಲ್ಲ.

"ಹಿಂದಿನ ಸೈಟ್ ತೆಗೆದು, ಅದು ಕೂತಿರುವ ಕಚ್ಚಿನಲ್ಲೇ ಒಂದು ಪ್ಲೇಟ್ ಕೂರಿಸಿ, ಅದರ ಮೇಲೆ ಡಾಟ್ ಹಾಕಿದರೆ?" ಎಂದು ನಾನು ಮತ್ತೆ ಕೇಳಿದೆ. ಸೈಟ್ ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರುವ ಗುರುತು.

ಅವನು ನಕ್ಕ. "ಅವು ಸಡಿಲಾಗುತ್ತವೆ ಸರ್. ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅಂತ ಮೇಡಂಗೆ ಹೇಳಿ."

ನನ್ನ ಗಂಡ ನನ್ನ ಕಡೆ ತಿರುಗಿದರು. "ಮೇಡಮ್ಮಗ ಹೇಳ್ಬೇಕಂತ ನೋಡು. ಹೇಳ್ಲೇನು?"

"ಹೇಳಿ ನೋಡ್ರಿ," ಅಂದೆ.

ಅವರು ಹೇಳಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅಷ್ಟು ಬುದ್ಧಿ ಬಂದಿರುತ್ತದೆ. ನಾನು ಪಿಸ್ತೂಲನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ ಹೊರಬಂದೆ. ಕಾರಿನಲ್ಲಿ ಮನೆ ತಲುಪುವವರೆಗೆ ನಾನೊಬ್ಬಳೇ ಮಾತಾಡಿದೆ. ಹನ್ನೆರಡು ವಾರವಂತೆ. ನನ್ನ ಹತ್ತಿರ ಇದ್ದದ್ದು ಐದು ವಾರ.

ಐದು ವಾರದ ಲೆಕ್ಕ ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2020ರಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಾಗ ನಾನು ಪಂಪು ತಯಾರಿಸುವ ಕಂಪನಿಯ ಡಿಸೈನ್ ವಿಭಾಗದಿಂದ ನಿವೃತ್ತಳಾಗಿ ಕೆಲವೇ ತಿಂಗಳಾಗಿತ್ತು. ಅಮೆರಿಕದ ಶಾರ್ಲಟ್ ಊರಿನ ಬ್ಯಾಲಂಟೈನ್‌ನ ನಮ್ಮ ಬೀದಿಯಲ್ಲಿ ಮಾಸ್ಕ್ ಹಾಕಿಕೊಂಡು ತಿರುಗುವಾಗ ಎದುರು ಮನೆಯವಳ ಪರಿಚಯವಾಯಿತು. ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು, ಪ್ರತಿ ಗುರುವಾರ ಶೂಟಿಂಗ್ ರೇಂಜಿಗೆ ಹೋಗುವವಳು. ರೇಂಜು ಮತ್ತೆ ತೆರೆದ ಮೇಲೆ ಒಂದು ಗುರುವಾರ ನನ್ನನ್ನೂ ಕರೆದುಕೊಂಡು ಹೋದಳು. ಹುಬ್ಬಳ್ಳಿಯ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ರೈಫಲ್ ಹೊಡೆದಿದ್ದೆ, ಚೆನ್ನಾಗಿಯೇ ಹೊಡೆದಿದ್ದೆ. ಆಮೇಲೆ ನಲವತ್ತು ವರ್ಷ ಅದರ ನೆನಪೂ ಇರಲಿಲ್ಲ. ಮೊದಲನೆಯ ಗುಂಡು ಕಾಗದದ ನಡುವೆ ತೂತು ಮಾಡಿದ್ದೇ, ಇದು ನನಗೆ ಬೇಕು ಅನ್ನಿಸಿತು. ಎರಡು ತಿಂಗಳಲ್ಲಿ ನನ್ನದೇ ಪಿಸ್ತೂಲು ಕೊಂಡೆ. ಗುರುವಾರದ ಹೆಂಗಸರ ತಂಡಕ್ಕೆ ಸೇರಿದೆ.

ಯಾಕೆ ಎಂದು ಕೇಳದವರಿಲ್ಲ. ಕನ್ನಡದವರ ಊಟದಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡೇ ವಿಚಾರಣೆ ನಡೆಸಿದಳು. "ಏನ್ ಆಂಟಿ, ಈ ಏಜಲ್ಲಿ ಗನ್ ಯಾಕೆ? ಏನಾದ್ರೂ ಭಯ ಇದ್ಯಾ? ಗಾರ್ಡನಿಂಗ್ ಟ್ರೈ ಮಾಡ್ಬಹುದಲ್ವಾ?"

"ಭಯ ಇಲ್ಲವ್ವಾ, ಖುಷಿ ಐತಿ," ಅಂದೆ. "ನಿಮ್ಮ ಮಾವ ದಿನಾ ಗಾಲ್ಫ್ ಆಡ್ತಾರಲ್ಲ, ಅವರನ್ನ ಕೇಳೀಯೇನು ಭಯಾ ಐತೇನಂತ?"

ಆಮೇಲೆ ಅವಳು ಕೇಳಲಿಲ್ಲ. ಉಳಿದವರು ಬೆನ್ನ ಹಿಂದೆ ಕೇಳಿಕೊಳ್ಳಲಿ, ನನಗೇನು. ಮನುಷ್ಯನ ಮೇಲೆ ಎತ್ತಲು ನಾನು ಅದನ್ನು ಕೊಂಡಿಲ್ಲ. ಮಕ್ಕಳನ್ನು ಬೆಳೆಸಿ, ಆಫೀಸಿನಲ್ಲಿ ಮೂರು ದಶಕ ಇನ್ನೊಬ್ಬರ ಗಡುವಿಗೆ ದುಡಿದು, ಕೊನೆಗೆ ಒಂದು ಕೆಲಸವನ್ನು ನಾನು ಬರೀ ನನಗೋಸ್ಕರ ಕರಾರುವಾಕ್ಕಾಗಿ ಮಾಡುತ್ತಿದ್ದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಒಬ್ಬರ ಒಪ್ಪಿಗೆ ಮಾತ್ರ ಬೇಕಿತ್ತು, ಅವರು ನನ್ನ ಗಂಡ. ಅವರು ಕಣ್ಣಿನ ಡಾಕ್ಟರಾಗಿದ್ದವರು. ಈ ದೇಶದಲ್ಲಿ ಗುಂಡು ತಗುಲಿದ ಕಣ್ಣುಗಳನ್ನು ನೋಡಿದವರು. ಪಿಸ್ತೂಲು ಮನೆಗೆ ಬಂದ ದಿನ ಊಟ ಬಿಟ್ಟು ಮಲಗಿದ್ದರು. ಮಾರನೆಯ ದಿನ ಅವರ ಎದುರು ಕೂತು ನಾನಾಗಿಯೇ ಮಾತು ಕೊಟ್ಟೆ: "ನನಗ ಗುರಿ ಕಾಣದ ದಿನ ಇದನ್ನ ನಾನ ಮಾರಿಬಿಡ್ತೀನಿ. ನೀವು ಹೇಳೂತನಕ ಕಾಯೂದಿಲ್ಲ." ಅದಾದ ಮೇಲೆ ಅವರು ಆ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ, ದೂರಲೂ ಇಲ್ಲ. ಮನೆಯಲ್ಲಿ ಖಾಲಿ ಪಿಸ್ತೂಲು ಹಿಡಿದು ಗುರಿಯ ಅಭ್ಯಾಸ ಮಾಡುವಾಗ ಒಂದೇ ಒಂದು ಉಪದೇಶ ಆಗಾಗ ಬರುತ್ತಿತ್ತು. "ಎಡಗಣ್ಣ ಯಾಕ ಮುಚ್ಚತೀ? ಎರಡೂ ತಗದ ಹೊಡಿ. ಎರಡ ಕಣ್ಣಿನ ಚಿತ್ರಾನ ಮಿದುಳ ತಾನ ಕೂಡಿಸ್ಕೋತೈತಿ." ಎನ್‌ಸಿಸಿಯ ಹವಾಲ್ದಾರರು ಎಡಗಣ್ಣು ಮುಚ್ಚಲು ಕಲಿಸಿದ್ದರು, ನಾನು ಮುಚ್ಚುತ್ತಿದ್ದೆ. ಗಂಡ ಹೇಳಿದ್ದು ಸರಿಯಿರಬಹುದು ಎಂದು ಒಳಗೊಳಗೇ ಅನ್ನಿಸುತ್ತಿತ್ತು. ಕೇಳಲಿಲ್ಲ. ಅವರು ಹೇಳಿದರು ಎಂಬ ಒಂದೇ ಕಾರಣಕ್ಕೆ ಕೇಳಲಿಲ್ಲ.

ನಾಲ್ಕನೆಯ ವರ್ಷ ಮುಂದಿನ ಸೈಟ್ ಮಂಜಾಯಿತು. ಹಿಂದಿನ ಸೈಟಿನಲ್ಲೊಂದು ಸೀಳು, ಮುಂದಿನದು ಒಂದು ಮೊಳೆ, ಆಚೆ ಗುರಿ. ಮೂರೂ ಒಂದೇ ಗೆರೆಗೆ ಬರಬೇಕು. ಮೂರೂ ಮೂರು ದೂರದಲ್ಲಿರುತ್ತವೆ. ಚಿಕ್ಕ ವಯಸ್ಸಿನ ಕಣ್ಣು ಅಲ್ಲಿಂದಿಲ್ಲಿಗೆ ಹಾರುತ್ತದೆ, ಅರವತ್ತು ದಾಟಿದ ಕಣ್ಣು ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡುತ್ತದೆ. ಕನ್ನಡಕ ಬದಲಿಸಿದೆ, ಸೈಟಿಗೆ ಬಿಳಿ ಬಣ್ಣ ಹಚ್ಚಿದೆ, ಯಾರಿಗೂ ಹೇಳಲಿಲ್ಲ. ಆದರೆ ರೇಂಜಿನಿಂದ ತಂದ ಗುರಿ ಕಾಗದಗಳನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಬಿಡುವ ನನ್ನ ಹಳೆಯ ಚಾಳಿ ಬಿಟ್ಟಿರಲಿಲ್ಲ.

ಒಂದು ದಿನ ಅವರು ಚಹಾ ಸೋಸುತ್ತ ಕಾಗದ ನೋಡಿದರು. "ಮದಲ ಮುಷ್ಟಿಯೊಳಗ ಕೂಡತಿದ್ದವು ತೂತು. ಈಗ ಸಂತಿ ನೆರದಂಗ ಕಾಣ್ತಾವ."

"ಸೈಟ್ ಸರಿ ಇಲ್ರಿ."

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ," ಅಂದರು. ನಕ್ಕೇ ಅಂದರು, ಆದರೆ ಆಮೇಲೆ ನಗು ನಿಲ್ಲಿಸಿದರು. "ಮಾತ ಕೊಟ್ಟೀ. ನೆನಪೈತಿಲ್ಲ?"

ಮೈಯೆಲ್ಲ ಉರಿಯಿತು. ಅವರು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಅವತ್ತು ಸಂಜೆವರೆಗೂ ಜಗಳವಾಡಿದೆವು. ನನಗೆ ಕಾಣದೇ ಇರುವುದು ಗುರಿಯಲ್ಲ, ಎರಡು ಅಡಿ ದೂರದ ಮೊಳೆ, ಎಂದು ನಾನು. ರೆಡ್ ಡಾಟ್ ಹಾಕಿದರೆ ಗುರಿಯೊಂದನ್ನೇ ನೋಡಿದರೆ ಸಾಕು, ಚುಕ್ಕೆ ತಾನಾಗಿ ಅದರ ಮೇಲೆ ಕಾಣುತ್ತದೆ, ಕಣ್ಣಿನ ಡಾಕ್ಟರಿಗೆ ಇಷ್ಟೂ ಗೊತ್ತಾಗುವುದಿಲ್ಲವೇ ಎಂದು ನಾನು. ಅವರು ತತ್ತ್ವ ಸರಿ ಎಂದು ಒಪ್ಪಿಕೊಂಡರು. ಆದರೆ ಬಾಯಿಮಾತಿಗೆ ಬಿಡಲಿಲ್ಲ. ನಮ್ಮ ಕ್ಲಬ್ಬಿನಲ್ಲಿ ಪ್ರತಿ ಅಕ್ಟೋಬರಿನಲ್ಲಿ ಒಂದು ಪರೀಕ್ಷೆ ಇರುತ್ತದೆ. ಊಟದ ತಟ್ಟೆಯಷ್ಟು ಅಗಲದ ವೃತ್ತ, ಐವತ್ತು ಗುಂಡು. ನಲವತ್ತು ಒಳಗೆ ಬಿದ್ದರೆ ಗುರುವಾರದ ತಂಡದಲ್ಲಿ ಇನ್ನೊಂದು ವರ್ಷ.

"ನಲವತ್ತ ಬಿದ್ರ ಇಟ್ಕೊ, ನಾ ಮತ್ತ ಬಾಯಿ ತಗಿಯೂದಿಲ್ಲ," ಅಂದರು. "ಮೂವತ್ತೊಂಬತ್ತ ಬಿದ್ರ ಮಾರು."

"ಆತು," ಅಂದೆ. ಪರೀಕ್ಷೆಗೆ ಆಗ ಐದು ವಾರ ಉಳಿದಿತ್ತು.

ಅದಕ್ಕೇ ಆ ಅಂಗಡಿಯವನ ಮೇಲೆ ನನಗೆ ಅಷ್ಟು ಸಿಟ್ಟು. ಮನೆಗೆ ಬಂದವಳೇ ಪ್ಲೇಟ್ ತರಿಸಿಕೊಳ್ಳಲು ಆರ್ಡರ್ ಮಾಡಿದೆ. ಆರು ದಿನಕ್ಕೆ ಬಂತು. ಬೆರಳುದ್ದದ ಕಪ್ಪು ಉಕ್ಕಿನ ತುಂಡು. ಮೇಲೆ ಡಾಟ್ ಕೂರುವ ಸಮತಟ್ಟು, ಕೆಳಗೆ ಒಂದು ನಾಲಿಗೆ. ಆ ನಾಲಿಗೆಯ ಬುಡ ಅಗಲ, ಕುತ್ತಿಗೆ ಕಿರಿದು. ಹಿಂದಿನ ಸೈಟ್ ಕೂತಿರುವ ಪಿಸ್ತೂಲಿನ ಕಚ್ಚೂ ಅದೇ ಆಕಾರ, ತಳ ಅಗಲ, ಬಾಯಿ ಕಿರಿದು. ಪಕ್ಕದಿಂದ ತೂರಿಸಿದರೆ ಮೇಲಕ್ಕೆ ಎದ್ದು ಬರಲಾರದು. ಇದಕ್ಕೆ ಡವ್‌ಟೇಲ್ ಎನ್ನುತ್ತಾರೆ. ಎಲ್ಲ ಪಿಸ್ತೂಲಿಗೂ ಹೊಂದಲಿ ಎಂದು ನಾಲಿಗೆಯನ್ನು ಒಂದು ಕೂದಲೆಳೆ ದಪ್ಪವೇ ಮಾಡಿರುತ್ತಾರೆ. ಆ ಕೂದಲೆಳೆಯನ್ನು ಕೈಯಲ್ಲಿ ಅರ ಹಿಡಿದು ಉಜ್ಜಿ ತೆಗೆಯಬೇಕು. ಹೆಚ್ಚು ಉಜ್ಜಿದರೆ ಸಡಿಲ, ಕಡಿಮೆ ಉಜ್ಜಿದರೆ ಕೂರದು. ಅಂಗಡಿಯವನು ಹೆದರಿದ್ದು ಇದಕ್ಕೆ.

ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನಮ್ಮ ಕಡೆ ಎಂಜಿನಿಯರಿಂಗ್ ಓದಿದವರೆಲ್ಲ ಮೊದಲ ವರ್ಷ ಫಿಟ್ಟಿಂಗ್ ಶಾಪಿನಲ್ಲಿ ನಿಂತು, ಎರಡು ಕಬ್ಬಿಣದ ತುಂಡುಗಳನ್ನು ಅರದಿಂದ ಉಜ್ಜಿ ಇದೇ ಡವ್‌ಟೇಲ್ ಜೋಡಣೆ ಮಾಡಿಯೇ ಮುಂದೆ ಹೋಗಬೇಕು. ನಮ್ಮ ತರಗತಿಯಲ್ಲಿ ಹುಡುಗಿ ನಾನೊಬ್ಬಳೇ. ಶಾಪಿನ ಮಾಸ್ತರು ಒಳ್ಳೆಯ ಮನುಷ್ಯ, ಆದರೆ ನನ್ನ ತುಂಡುಗಳನ್ನು ಮೊದಲ ದಿನವೇ ಅಟೆಂಡರನ ಕೈಗೆ ಕೊಟ್ಟರು. "ಹೆಣ್ಣಮಗಳ ಕೈ ಹಾಳಾಗ್ತಾವ. ನೀನ ಉಜ್ಜಿಕೊಡಪಾ." ನಾನು ಅಟೆಂಡರನ ಕೈಯಿಂದ ಕಿತ್ತುಕೊಂಡೆ. ಮೂರು ವಾರ ಉಜ್ಜಿದೆ. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದು ಮತ್ತೆ ಎದ್ದವು. ಜೋಡಣೆಯನ್ನು ಒಯ್ದು ಕೊಟ್ಟಾಗಲೆಲ್ಲ ಮಾಸ್ತರು ಅದರ ಸಂದನ್ನು ಕಿಟಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡಿ ವಾಪಸು ಕೊಡುತ್ತಿದ್ದರು. "ಬೆಳಕ ಬಂತಂದ್ರ ಕೆಲಸ ಹೋತವ್ವಾ." ನಾಲ್ಕನೆಯ ಸಲ ಬೆಳಕು ಬರಲಿಲ್ಲ. ಅವರು ಅದನ್ನು ಗಾಜಿನ ಕಪಾಟಿನಲ್ಲಿಟ್ಟರು.

ಗ್ಯಾರೇಜಿನಲ್ಲಿ ನನ್ನದೊಂದು ಬೆಂಚಿದೆ, ಬೆಂಚಿಗೆ ಕಬ್ಬಿಣವನ್ನು ಬಿಗಿದು ಹಿಡಿಯುವ ವೈಸ್ ಇದೆ. ಪಿಸ್ತೂಲು ಖಾಲಿಯೆಂದು ಎರಡು ಸಲ ನೋಡಿ, ಸ್ಲೈಡ್ ಬಿಚ್ಚಿ, ವೈಸಿನ ಹಲ್ಲುಗಳಿಗೆ ಹಳೆಯ ಚಪ್ಪಲಿಯ ತೊಗಲು ಕೊಟ್ಟು ಬಿಗಿದೆ. ಹಿತ್ತಾಳೆಯ ಕಡ್ಡಿ ಇಟ್ಟು ಸಣ್ಣ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿದೆ. ಹಿಂದಿನ ಸೈಟ್ ಮೊದಲು ಹಟ ಮಾಡಿತು, ಆಮೇಲೆ ಸರಿಯಿತು. ಪ್ಲೇಟಿನ ನಾಲಿಗೆಗೆ ಮಾರ್ಕರ್ ಮಸಿ ಬಳಿದು ಕಚ್ಚಿಗೆ ಒತ್ತಿದೆ, ಹೊರಗೆ ತೆಗೆದೆ. ಮಸಿ ಎಲ್ಲಿ ಉಜ್ಜಿಹೋಗಿದೆಯೋ ಅಲ್ಲಿ ತಗಲುತ್ತಿದೆ ಎಂದರ್ಥ. ಅಲ್ಲಿಗೆ ತ್ರಿಕೋನದ ಅರದಿಂದ ಎರಡೇ ಎರಡು ಎಳೆತ. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಎರಡು ಎಳೆತ. ಪ್ಲೇಟನ್ನು ಮಾತ್ರ ಉಜ್ಜಬೇಕು, ಪಿಸ್ತೂಲಿಗೆ ಅರ ಮುಟ್ಟಿಸಬಾರದು. ಪ್ಲೇಟ್ ಕೆಟ್ಟರೆ ಇನ್ನೊಂದು ಬರುತ್ತದೆ.

ಮೂರು ಮಧ್ಯಾಹ್ನ ಹಿಡಿಯಿತು. ಗಂಡ ಗ್ಯಾರೇಜಿನ ಬಾಗಿಲಿಗೆ ಬಂದು, "ಉಪ್ಪಿಟ್ಟ ಆರಾಕತ್ತೈತಿ," ಎಂದು ನಿಂತು ನೋಡುತ್ತಿದ್ದರು. "ಬಂದೆ," ಎಂದು ನಾನು ಹೋಗುತ್ತಿರಲಿಲ್ಲ. ಮೂರನೆಯ ದಿನ ನಾಲಿಗೆ ಬೆರಳಿನ ಒತ್ತಿಗೆ ಅರ್ಧ ದೂರ ಹೋಗಿ ನಿಂತಿತು. ಉಳಿದರ್ಧಕ್ಕೆ ಹಿತ್ತಾಳೆ ಕಡ್ಡಿಯಿಟ್ಟು ತಟ್ಟಿದೆ. ಪ್ರತಿ ಏಟಿಗೂ ಸದ್ದು ಗಟ್ಟಿಯಾಗುತ್ತ ಬಂತು, ಪ್ಲೇಟ್ ನಡುವಿಗೆ ಬಂದು ಕೂತಿತು. ಟಾರ್ಚ್ ಹಿಂದೆ ಹಿಡಿದು ನೋಡಿದೆ. ಬೆಳಕು ಬರಲಿಲ್ಲ. ಅದರ ಮೇಲೆ ಡಾಟ್ ಇಟ್ಟು, ಸ್ಕ್ರೂಗಳಿಗೆ ಅಂಟು ಹಚ್ಚಿ ಬಿಗಿದೆ. ಮುಂದಿನ ಎರಡು ಗುರುವಾರ ಇನ್ನೂರು ಗುಂಡು ಹೊಡೆದು, ಚುಕ್ಕೆಯನ್ನು ಗುಂಡು ಬೀಳುವ ಜಾಗಕ್ಕೆ ತಂದೆ. ಪ್ಲೇಟ್ ಒಂದು ಕೂದಲು ಕದಲಲಿಲ್ಲ. ಬಸ್ಸಿನ ಗೆಳತಿ ಬೆರಳಾಡಿಸಿ ನೋಡಿ, ಯಾವ ಅಂಗಡಿಯಲ್ಲಿ ಮಾಡಿಸಿದೆ ಎಂದು ಕೇಳಿದಳು. ನನ್ನ ಗ್ಯಾರೇಜಿನಲ್ಲಿ ಅಂದೆ. ಆ ಅಂಗಡಿಯವನಿಗೆ ಒಯ್ದು ತೋರಿಸಬೇಕು ಎಂಬ ಆಸೆಯನ್ನು ಬಹಳ ಕಷ್ಟಪಟ್ಟು ತಡೆದುಕೊಂಡೆ.

ಆ ವರ್ಷ ವಿಜಯದಶಮಿ ಶನಿವಾರ ಬಂತು. ಪರೀಕ್ಷೆಯೂ ಅದೇ ಶನಿವಾರ ಬೆಳಿಗ್ಗೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಇನ್ನೊಂದಿಲ್ಲ ಎಂದು ಮನೆಯೆಲ್ಲ ಸಾರಿಕೊಂಡು ಬಂದೆ. ಹಿಂದಿನ ದಿನ ಆಯುಧ ಪೂಜೆ, ನಮ್ಮ ಕಡೆ ಖಂಡೆ ಪೂಜೆ ಎನ್ನುತ್ತೇವೆ. ಮನೆಯ ಹತ್ಯಾರಗಳನ್ನೆಲ್ಲ ದೇವರ ಮುಂದೆ ಇಟ್ಟೆ: ಗಂಡ ರೋಗಿಗಳ ಕಣ್ಣು ನೋಡುತ್ತಿದ್ದ ದೀಪ, ನನ್ನ ಅರಗಳು, ಅಳತೆಯ ವರ್ನಿಯರ್, ಈಳಿಗೆ, ಕುಕ್ಕರು, ಎರಡು ಕಾರಿನ ಕೀಲಿ. ಗುಂಡುಗಳನ್ನು ಮೇಲಿನ ಕೋಣೆಯಲ್ಲಿ ಬೀಗ ಹಾಕಿಟ್ಟು, ಖಾಲಿ ಪಿಸ್ತೂಲನ್ನು ಅದರ ಪೆಟ್ಟಿಗೆಯಲ್ಲೇ ಮುಚ್ಚಳ ತೆರೆದು ಕೊನೆಯಲ್ಲಿಟ್ಟೆ. ನಮ್ಮ ಮನೆಯಲ್ಲಿ ಪೂಜೆ ಮಾಡುವವರು ಅವರು.

"ಇದಕ್ಕೂ ಹಚ್ಚಲೇನು?" ಎಂದು ಕೇಳಿದರು.

"ಹತ್ಯಾರ ಅಂದಮ್ಯಾಲ ಎಲ್ಲಾ ಒಂದ. ಹಚ್ರಿ," ಎಂದು ಹೇಳಿ, ಹೋಳಿಗೆ ಹೊತ್ತುತ್ತಿದೆಯೆಂದು ಒಳಗೆ ಓಡಿದೆ.

ಪೂಜೆಯಾದ ಹತ್ಯಾರವನ್ನು ಮಾರನೆಯ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ. ನಾನು ಮುಟ್ಟಲಿಲ್ಲ. ಬೆಳಿಗ್ಗೆ ಮಂಗಳಾರತಿ ಆದ ಮೇಲೆ ಪೆಟ್ಟಿಗೆಯಲ್ಲಿ ಚೆಂಡು ಹೂವು ಕಂಡಿತು, ಹೂವಿನ ಸಮೇತ ಮುಚ್ಚಿ ಬೀಗ ಹಾಕಿದೆ. ರೇಂಜಿನಲ್ಲಿ ಅಧಿಕಾರಿ ಹೇಳುವವರೆಗೆ ಯಾರೂ ಪೆಟ್ಟಿಗೆ ತೆರೆಯಬಾರದೆಂಬುದು ನಿಯಮ. ಹಾಗಾಗಿ ನಾನು ಹೂವನ್ನು ಎತ್ತಿದ್ದು ಗುಂಡು ಹೊಡೆಯುವ ಸಾಲಿನಲ್ಲಿ ನಿಂತ ಮೇಲೆಯೇ. ರೆಡ್ ಡಾಟಿನ ಗಾಜಿನ ಮುಂಭಾಗದ ಮೇಲೆ ಗಂಧ, ಅದರ ಮೇಲೆ ಕುಂಕುಮ, ನಾಲ್ಕಾಣೆಯಷ್ಟು ಅಗಲ, ದೀಪದ ಎಣ್ಣೆಯ ಬೆರಳಿನಲ್ಲಿ ಹಚ್ಚಿದ್ದು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಮುಟ್ಟದ ಮನುಷ್ಯ ಅವತ್ತು ಭಕ್ತಿಯಿಂದ ಮುಟ್ಟಿ, ಎತ್ತರಕ್ಕಿರುವುದು ಹಣೆಯೇ ಇರಬೇಕೆಂದು ಅಲ್ಲಿಗೇ ಹಚ್ಚಿದ್ದರು.

ತೋಳಿನಿಂದ ಒರೆಸಿದೆ. ನಾಲ್ಕಾಣೆಯಷ್ಟಿದ್ದದ್ದು ಗಾಜಿನ ತುಂಬ ಹರಡಿತು. ಇನ್ನೊಮ್ಮೆ ಒರೆಸುವಷ್ಟರಲ್ಲಿ ಗುಂಡು ತುಂಬಿರೆಂದು ಅಧಿಕಾರಿಯ ಆಜ್ಞೆ ಬಂತು. ಹತ್ತು ಗುಂಡಿನ ಐದು ಸುತ್ತು. ಪ್ರತಿ ಸುತ್ತಿಗೂ ಸಮಯದ ಮಿತಿ, ನಡುವೆ ಪಿಸ್ತೂಲು ಮೇಜಿನ ಮೇಲಿರಬೇಕು, ಯಾರೂ ಕೈ ಹಾಕುವಂತಿಲ್ಲ. ಎಡಗಣ್ಣು ಮುಚ್ಚಿ ನೋಡಿದೆ. ಚುಕ್ಕೆ ಕಾಣುತ್ತಿತ್ತು, ಚುಕ್ಕೆಯ ಹಿಂದೆ ಏನೂ ಕಾಣುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತ ಹಾಗಿತ್ತು. ಅಂದಾಜಿನಲ್ಲಿ ಹೊಡೆದೆ. ಅಧಿಕಾರಿ ಎಣಿಸಿ ಬರೆದುಕೊಂಡ: ನಾಲ್ಕು ಒಳಗೆ.

ಉಳಿದ ನಲವತ್ತರಲ್ಲಿ ಮೂವತ್ತಾರು ಬೇಕು. ಕುಂಕುಮ ಹಚ್ಚಿದವರ ಮೇಲೆ ಸಿಟ್ಟು ಬಂತು. ತಿರುಗಿ ನೋಡಿದೆ. ಆ ದಿನ ಮೊದಲ ಬಾರಿಗೆ ನನ್ನ ಗಂಡ ರೇಂಜಿಗೆ ಬಂದಿದ್ದರು, ಹಿಂದಿನ ಗಾಜಿನ ಗೋಡೆಯ ಆಚೆ ಇತರರ ಜೊತೆ ನಿಂತಿದ್ದರು. ನಾನು ನೋಡುತ್ತಿದ್ದಂತೆ ಎರಡೂ ಕೈಯಿಂದ ತಮ್ಮ ಎರಡೂ ಕಣ್ಣಿನ ರೆಪ್ಪೆ ಹಿಡಿದು ಅಗಲಿಸಿ ತೋರಿಸಿದರು, ರೋಗಿಗಳಿಗೆ ಔಷಧಿ ಬಿಡುವಾಗ ಮಾಡುತ್ತಿದ್ದಂತೆ. ಕುಂಕುಮ ಏನು ಮಾಡಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಎಂದಿನಂತೆ ಎಡಗಣ್ಣು ಮುಚ್ಚಿಯೇ ಹೊಡೆದಿರುತ್ತೇನೆಂದು ಮಾತ್ರ ಗೊತ್ತಿತ್ತು. ಅದೇ ಹಳೆಯ ಉಪದೇಶ. ಇಂಥ ಹೊತ್ತಿನಲ್ಲೂ ಬಿಡುವುದಿಲ್ಲವಲ್ಲ ಈ ಮನುಷ್ಯ, ಎಂದು ಹಲ್ಲು ಕಡಿದೆ.

ಆದರೆ ಬೇರೆ ದಾರಿಯೂ ಇರಲಿಲ್ಲ. ಎರಡನೆಯ ಸುತ್ತಿಗೆ ಎರಡೂ ಕಣ್ಣು ತೆರೆದು ಪಿಸ್ತೂಲು ಎತ್ತಿದೆ. ಬಲಗಣ್ಣಿಗೆ ಗಂಧ ಮತ್ತು ಚುಕ್ಕೆ. ಎಡಗಣ್ಣಿಗೆ ಗುರಿ, ಅಡ್ಡವಿಲ್ಲದೆ, ಸ್ವಚ್ಛವಾಗಿ. ಒಂದು ಕ್ಷಣ ಎರಡೂ ಬೇರೆ ಬೇರೆ ಇದ್ದವು, ಆಮೇಲೆ ಚುಕ್ಕೆ ಗಂಧದ ಗೋಡೆ ಬಿಟ್ಟು ಗುರಿಯ ಮೇಲೆ ಹೋಗಿ ಕೂತಿತು. ಮಿದುಳು ತಾನೇ ಕೂಡಿಸಿಕೊಂಡಿತು. ಒಂಬತ್ತು ಒಳಗೆ. ಮೂರನೆಯ ಸುತ್ತು ಒಂಬತ್ತು. ನಾಲ್ಕನೆಯದು ಒಂಬತ್ತು. ಒಟ್ಟು ಮೂವತ್ತೊಂದು. ಐದನೆಯ ಸುತ್ತಿನಲ್ಲೂ ಒಂಬತ್ತು ಬಿದ್ದರೆ ಪಿಸ್ತೂಲು ನನ್ನದು. ನಾನು ಬೇರೆ ಏನನ್ನೂ ಯೋಚಿಸದೆ ಹತ್ತೂ ಹೊಡೆದೆ.

ಅಧಿಕಾರಿ ಕಾಗದ ತಂದು ಮೇಜಿನ ಮೇಲೆ ಹಾಸಿದ. ವಯಸ್ಸಾದವನು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಎಣಿಸಿದ. ಎಂಟು ಒಳಗೆ, ಒಂದು ಪೂರ್ತಿ ಹೊರಗೆ. ಹತ್ತನೆಯದು ವೃತ್ತದ ಗೆರೆಯ ಹೊರಬದಿಯಲ್ಲಿ. ಗೆರೆಯನ್ನು ತಾಕಿದರೆ ಒಳಗಿನ ಲೆಕ್ಕ, ತಾಕದಿದ್ದರೆ ಹೊರಗಿನದು. ಅವನು ಬಗ್ಗಿ ನೋಡಿದ, ಎದ್ದು ನೋಡಿದ. ಹೊರಗಿರುವಂತೆ ಕಾಣುತ್ತದೆ, ಆದರೆ ನನ್ನ ಕಣ್ಣನ್ನು ನಂಬಬೇಡಿ ಎಂದ.

ಒಳಗೆ ಬಂದಿದ್ದ ನನ್ನ ಗಂಡ, ತಾನು ಕಣ್ಣಿನ ಡಾಕ್ಟರಾಗಿದ್ದವನು, ನೋಡಬಹುದೇ ಎಂದು ಕೇಳಿದರು. ಅಧಿಕಾರಿ ನಗುತ್ತ ಜಾಗ ಬಿಟ್ಟ. ಅವರು ಕನ್ನಡಕ ತೆಗೆದು ಜೇಬಿಗಿಟ್ಟು, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದರು. ತುಂಬ ಹೊತ್ತು ನೋಡಿದರು. ಹೊರಗೆ ಎಂದು ಒಂದು ಮಾತು ಹೇಳಿದ್ದರೆ, ನಾಲ್ಕು ವರ್ಷದಿಂದ ಅವರಿಗೆ ಬೇಡವಾಗಿದ್ದ ವಸ್ತು ಮನೆಯಿಂದ ಹೋಗುತ್ತಿತ್ತು.

"ತಾಕೈತಿ," ಅಂದರು. ಆಮೇಲೆ ಅಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಿದರು, ಒಳಗೆ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹೆಂಡತಿ ಸೋತಳಲ್ಲ ಪಾಪ ಎಂದು ಕರುಣೆ ತೋರಿಸುತ್ತಿದ್ದಾರೆ ಅನ್ನಿಸಿತು. ಮೂವತ್ತೊಂಬತ್ತನ್ನಾದರೂ ತಡೆದುಕೊಂಡೇನು, ಇದನ್ನಲ್ಲ. ನೆತ್ತಿಗೇರಿತು.

"ನನಗ ನಿಮ್ಮ ಭಿಕ್ಷಾ ಬ್ಯಾಡ್ರಿ," ಅಂದೆ. ಜೋರಾಗಿಯೇ ಅಂದೆ. ಕನ್ನಡ ಬಾರದವರಿಗೂ ಅದರ ಅರ್ಥ ಆಗಿರಬೇಕು, ಯಾಕೆಂದರೆ ಸುತ್ತ ನಿಂತವರೆಲ್ಲ ನಮ್ಮ ಕಡೆ ತಿರುಗಿದರು. ನನ್ನ ಗಂಡ ಮೇಜಿನಿಂದ ಹಿಂದೆ ಸರಿದು ನಿಂತರು.

ತೂತು ಅಳೆಯುವ ಪ್ಲಗ್ ತರಬೇಕೆಂದು ಅಧಿಕಾರಿಗೆ ಹೇಳಿದೆ. ಅದು ಹಿತ್ತಾಳೆಯ ಸಣ್ಣ ಬಿರಡೆ, ಗುಂಡಿನಷ್ಟೇ ಅಗಲ, ಸುತ್ತ ಚೂಪಾದ ಅಂಚು. ತೂತಿನಲ್ಲಿ ಇಳಿಸಿದರೆ ಗುಂಡು ಎಲ್ಲಿಯವರೆಗೆ ಮುಟ್ಟಿತ್ತು ಎಂದು ಆ ಅಂಚು ತೋರಿಸುತ್ತದೆ. ಅವನು ಕಪಾಟು ಹುಡುಕಿ ತಂದು ಮೆಲ್ಲಗೆ ಇಳಿಸಿದ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಹಿತ್ತಾಳೆಯ ಅಂಚು ಗೆರೆಯ ಮೇಲೆ ಕೂತಿತ್ತು, ಅನುಮಾನಕ್ಕೆ ಜಾಗವೇ ಇಲ್ಲದಂತೆ. ಅಧಿಕಾರಿ ನಲವತ್ತು ಎಂದು ಬರೆದ. ಬಸ್ಸಿನ ಗೆಳತಿ ನನ್ನನ್ನು ತಬ್ಬಿಕೊಂಡಳು, ತಂಡದವರು ಚಪ್ಪಾಳೆ ತಟ್ಟಿದರು. ನನ್ನ ಗಂಡ ಕನ್ನಡಕ ಹಾಕಿಕೊಂಡು ಕಾರಿನ ಕಡೆ ಹೊರಟುಹೋಗಿದ್ದರು.

ನಾನು ಕಾರಿನಲ್ಲಿ ಕೂತ ಮೇಲೂ ಅವರು ಕೀಲಿ ತಿರುಗಿಸಲಿಲ್ಲ. ಸ್ಟೀರಿಂಗ್ ಮೇಲೆ ಕೈಯಿಟ್ಟು ಎದುರು ನೋಡುತ್ತಲೇ ಹೇಳಿದರು.

"ಮೂವತ್ತೆಂಟ ವರ್ಷ ಮಂದಿ ಕಣ್ಣ ನೋಡೀನಿ. ಕಾಣದವರಿಗೆ ಕಾಣ್ತದ ಅಂತ ಒಂದ ದಿನಾನೂ ಹೇಳಿಲ್ಲ. ಅಳತಾ ಕುಂತವರ ಮುಂದೂ ಹೇಳಿಲ್ಲ. ನಿನ್ನ ಸಲುವಾಗಿ ಇವತ್ತ ಸುಳ್ಳ ಹೇಳ್ತೀನಂತ ಹೆಂಗ ಅನಿಸ್ತು ನಿನಗ?"

ಅವರು ತಮಗೆ ಬೇಡದ ಸತ್ಯವನ್ನು ಹೇಳಿದ್ದರು. ನಾನು ಅವರ ಕಣ್ಣನ್ನು ಬಿಟ್ಟು ಹಿತ್ತಾಳೆಯ ಬಿರಡೆಯನ್ನು ನಂಬಿದ್ದೆ, ಅದೂ ಹತ್ತು ಜನರ ಎದುರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಬಂದದ್ದು, "ಗಾಜಿಗೆ ಯಾರರ ಕುಂಕುಮ ಹಚ್ಚತಾರೇನ್ರೀ," ಎಂಬ ಮಾತು. ಅವರು ಕಾರು ಹೊರಡಿಸಿದರು.

ಸಂಜೆ ಬನ್ನಿ ಕೊಡುವ ಹೊತ್ತಾಯಿತು. ಶಾರ್ಲಟ್‌ನಲ್ಲಿ ಬನ್ನಿ ಮರ ಎಲ್ಲಿಂದ ಬರಬೇಕು, ಹಿತ್ತಲಿನ ಗಿಡದ ನಾಲ್ಕು ಎಲೆಯನ್ನೇ ಬನ್ನಿಯೆಂದು ದೇವರ ಮುಂದಿಟ್ಟು ಕೊಟ್ಟುಕೊಳ್ಳುತ್ತೇವೆ. ಹಳೆಯ ಜಗಳ ಮರೆಯುವ ದಿನ ಅದು. ಅವರು ಎಲೆ ಹಿಡಿದು ಬಂದು, "ಬನ್ನಿ ತಗೊಂಡ ಬಂಗಾರದಂಗ ಇರೂಣು," ಅಂದರು, ಪ್ರತಿ ವರ್ಷ ಅನ್ನುವ ದನಿಯಲ್ಲೇ. ನಾನು ಎಲೆ ತೆಗೆದುಕೊಂಡು ಕಾಲಿಗೆ ನಮಸ್ಕಾರ ಮಾಡಿದೆ. ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ. ಅವರು ಮಾತಿಗೆ ತಪ್ಪದೆ ಪಿಸ್ತೂಲಿನ ಬಗ್ಗೆ ಆಮೇಲೆ ಒಂದು ಮಾತೂ ಆಡಿಲ್ಲ. ನಾನು ಈಗ ಎರಡೂ ಕಣ್ಣು ತೆರೆದೇ ಹೊಡೆಯುತ್ತೇನೆ. ಅದನ್ನೂ ಅವರಿಗೆ ಹೇಳಿಲ್ಲ.

ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಬರೆದದ್ದನ್ನೆಲ್ಲ ಅವರು ಕನ್ನಡಕ ತೆಗೆದು ಹತ್ತಿರ ಹಿಡಿದು ಓದುತ್ತಾರೆಂದು ನನಗೆ ಗೊತ್ತು. ತಪ್ಪಾಯಿತು. ಪಿಸ್ತೂಲು ಮಾತ್ರ ಮಾರುವುದಿಲ್ಲ.